ನೀರಿನ ಎಂಜಿನ್: ಮೊದಲು ಅಳತೆ, ಆಮೇಲೆ ರೊಕ್ಕ



"ನೀರು ಹಾಕಿದರೂ ಎಂಜಿನ್ ಓಡತೈತಂತ, ಹೌದೇನ್ರಿ?" ಈ ಪ್ರಶ್ನೆ ಯಲವಿಗಿ ಸ್ಟೇಶನ್ನಿನ ಹೊರಗಿನ ಚಹಾದಂಗಡಿಯಲ್ಲಿಯೂ ಸವಣೂರಿನ ಸಂತೆಯಲ್ಲಿಯೂ ನನ್ನ ಕಿವಿಗೆ ಬಿದ್ದಿದೆ. ಹುಡುಗರು ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾರೆ. ಒಬ್ಬ ಮನುಷ್ಯ ತಂಬಿಗೆಯಿಂದ ಎಂಜಿನ್ನಿನ ಟಾಕಿಗೆ ನೀರು ಸುರಿಯುತ್ತಾನೆ, ಪ್ಲಗ್ಗಿನಲ್ಲಿ ಬೆಳ್ಳಗೆ ಮಿಂಚಿನಂಥ ಕಿಡಿ ಹಾರುತ್ತದೆ, ಎಂಜಿನ್ ಡುಬುಡುಬು ಎಂದು ಶುರುವಾಗುತ್ತದೆ. ನೋಡಿದವರಿಗೆ ಆಸೆ ಆಗುತ್ತದೆ. ಯಾಕೆ ಆಗಬಾರದು? ಹೊಂಡದಲ್ಲಿ ನೀರು ಇದೆ, ಬೆಳೆ ಬಾಡುತ್ತಿದೆ, ನಡುವೆ ನಿಂತದ್ದು ಡೀಸೆಲ್ ಒಂದೇ. ಆ ನೀರೇ ಡೀಸೆಲ್ ಆದರೆ ಮುಗೀತಲ್ಲ!

ಈ ಆಸೆ ದಡ್ಡತನವಲ್ಲ, ಅದಕ್ಕೆ ಕಾರಣ ಇದೆ. 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಕರೆಂಟು ಉಚಿತ ಎನ್ನುತ್ತಾರೆ. ಆದರೆ ಕಂಬವೇ ಇಲ್ಲದ ಹೊಲಕ್ಕೆ ಉಚಿತ ಕರೆಂಟು ಏನು ಮಾಡೀತು? 2014ರಲ್ಲಿ ಬಂದ ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡ ತೋಡಿಸಿದರು, ಜೊತೆಗೆ ಡೀಸೆಲ್ ಪಂಪ್‌ಸೆಟ್ಟಿಗೆ ಸಹಾಯಧನ ಕೊಟ್ಟರು. ಪಂಪು ಒಂದು ಸಲ ಬಂತು. ಡೀಸೆಲ್ ಮಾತ್ರ ಪ್ರತಿ ಸಲ ನಮ್ಮ ಕಿಸೆಯಿಂದಲೇ ಬರಬೇಕು. 5 ಎಚ್‌ಪಿ ಎಂಜಿನ್ ಪೂರ್ತಿ ಭಾರ ಎಳೆಯುವಾಗ ತಾಸಿಗೆ ಒಂದು ಲೀಟರಿಗೂ ಮೇಲೆ ಕುಡಿಯುತ್ತದೆ. ಮಳೆ ಹೋದ ವರ್ಷ ನಾಲ್ಕು ಸಲ ನೀರು ಹಾಯಿಸಿದವನಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ಈ ಮಾತನ್ನು ನಗೆಯಾಡಿ ಬಿಡುವಂತಿಲ್ಲ. ನನ್ನ ಮನೆಯಲ್ಲೇ ನಡೆದ ಸಂಗತಿಯನ್ನು ನಿಮ್ಮ ಮುಂದೆ ಇಡುತ್ತೇನೆ.

ನನ್ನ ತಮ್ಮನ ಮಗ ವೆಲ್ಡಿಂಗ್ ಕಲಿತ ಹುಡುಗ. ಮೋಟರು ಬಿಚ್ಚಿ ಜೋಡಿಸುವುದರಲ್ಲಿ ಕೈ ಚುರುಕು. ಎರಡು ವರ್ಷದ ಹಿಂದೆ ಹಳೆಯ ಪೆಟ್ರೋಲ್ ಪಂಪು ಒಂದನ್ನು ತಂದು ಹಿತ್ತಲಲ್ಲಿ ಇಟ್ಟುಕೊಂಡ. ಹಳೇ ಕಾರಿನ ಕಾಯ್ಲು, ದೊಡ್ಡ ಕಂಡೆನ್ಸರು, ಬ್ಯಾಟರಿ ಕೂಡಿಸಿ ದಪ್ಪ ಕಿಡಿ ಹಾರಿಸುವ ಪೆಟ್ಟಿಗೆ ಮಾಡಿದ. ಒಂದು ಸಂಜೆ ಓಡಿ ಬಂದು, "ದೊಡ್ಡಪ್ಪಾ, ನೀರ ಹತ್ತತೈತ್ರಿ, ನೋಡ ಬರ್ರಿ" ಅಂದ. ಹೋಗಿ ನೋಡಿದೆ. ಪ್ಲಗ್ಗಿನ ತುದಿಗೆ ನೀರಿನ ಹನಿ ಬಿಟ್ಟು ಗುಂಡಿ ಒತ್ತಿದರೆ 'ಠಳ್' ಎಂದು ಸಿಡಿದು ನೀರು ಹೊಗೆಯಂತೆ ಹಾರಿತು. ನನಗೂ ಮೈ ಜುಮ್ಮೆಂದಿತು. "ಮಾಡೋ ತಮ್ಮಾ, ಬಿಡಬ್ಯಾಡ" ಅಂದೆ. ಆ ಮಾತಿನ ಹೊಣೆ ನನ್ನದೂ ಹೌದು.

ಆ ಪೆಟ್ಟಿಗೆಯ ಹಿಂದೆ ಅವನು 40,000 ರೂಪಾಯಿ ಕೈಗಡ ಮಾಡಿದ, ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ. ಹದಿನಾಲ್ಕು ತಿಂಗಳಿಗೆ ಬಡ್ಡಿಯೇ 16,800 ಆಯಿತು. ಮನೆಯಲ್ಲಿ ಹೆಂಡತಿ ಮಾತು ಬಿಟ್ಟಳು. ಮೊದಮೊದಲು ಅವನು "ಪೆಟ್ರೋಲ್ ಕಡಿಮಿ ಆಗೇತಿ" ಎನ್ನುತ್ತಿದ್ದ. ಕಡೆಗೆ ನಾನೇ ಹೇಳಿದೆ, "ಬಾಯಿ ಮಾತು ಬ್ಯಾಡ. ಬಾಟ್ಲಿ ತಗೊಂಡು ಅಳಿಯೋಣು."

ಕಾಲು ಲೀಟರ್ ಪೆಟ್ರೋಲ್ ಅಳೆದು ಹಾಕಿದೆವು. ಹೊಂಡದ ನೀರನ್ನು 200 ಲೀಟರಿನ ಬ್ಯಾರಲ್ಲಿಗೆ ಬಿಟ್ಟು, ತುಂಬಿದಂತೆ ಎಣಿಸಿದೆವು. ಪೆಟ್ಟಿಗೆ ಇಲ್ಲದೆ 12 ಬ್ಯಾರಲ್. ಪೆಟ್ಟಿಗೆ ಹಾಕಿ ಮೂರು ಸಲ ನೋಡಿದರೆ 12, 12, 11. ಪೆಟ್ರೋಲ್ ಪೂರಾ ತೆಗೆದು ಬರೀ ನೀರು ಕೊಟ್ಟಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಹಾಗಾದರೆ ಮೊದಲು ಉಳಿದ ಪೆಟ್ರೋಲ್ ಎಲ್ಲಿಯದು? ಪೆಟ್ಟಿಗೆ ಕೂಡಿಸಿದ ದಿನವೇ ಅವನು ಕಾರ್ಬುರೇಟರ್ ತೊಳೆದಿದ್ದ, ಹೊಸ ಪ್ಲಗ್ ಹಾಕಿದ್ದ. ಉಳಿತಾಯ ಅದರಿಂದ ಬಂದದ್ದು. ಹುಡುಗ ಬ್ಯಾರಲ್ಲಿನ ಅಂಚಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಸುಮ್ಮನೆ ನಿಂತಿದ್ದ.

ಅವನ ತಪ್ಪು ಏನೆಂದು ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಹೈಸ್ಕೂಲಿನ ವಿಜ್ಞಾನ ಸಾಕು, ಹೆಚ್ಚಿನದು ಬೇಡ.

ಕಿಡಿ ಎಂದರೆ ಕಡ್ಡಿ, ಕಟ್ಟಿಗೆ ಅಲ್ಲ. ಒಲೆ ಹೊತ್ತಿಸುವುದು ಕಡ್ಡಿ, ರೊಟ್ಟಿ ಬೇಯಿಸುವುದು ಕಟ್ಟಿಗೆ. ನಿಮಿಷಕ್ಕೆ 1500 ಸುತ್ತು ತಿರುಗುವ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಸೆಕೆಂಡಿಗೆ ಹನ್ನೆರಡು ಹದಿಮೂರು ಕಿಡಿ ಬೀಳುತ್ತವೆ. ಸಾಮಾನ್ಯ ಕಿಡಿಯ ಶಕ್ತಿ ಒಂದು ಜೂಲಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಅದನ್ನು ಹತ್ತಿಪ್ಪತ್ತು ಪಟ್ಟು ದಪ್ಪ ಮಾಡಿ ಪೂರ್ತಿ ಒಂದು ಜೂಲ್ ಮಾಡಿದಿರಿ ಎನ್ನೋಣ. ಆಗಲೂ ಒಟ್ಟು ಸುಮಾರು ಹನ್ನೆರಡೂವರೆ ವ್ಯಾಟ್. ನಿಮ್ಮ ಪಡಸಾಲೆಯ ಒಂದು ಎಲ್‌ಇಡಿ ಬಲ್ಬಿನಷ್ಟು! 5 ಎಚ್‌ಪಿ ಪಂಪಿಗೆ ಬೇಕಾದದ್ದು 3700 ವ್ಯಾಟಿಗೂ ಮೇಲೆ, ಅಂದರೆ ಅಂಥ ಸುಮಾರು ಮುನ್ನೂರು ಬಲ್ಬು. ಉಳಿದದ್ದನ್ನು ಕೊಡುವವರು ಯಾರು? ಪ್ಲಗ್ಗಿನ ತುದಿಯಲ್ಲಿ ಕೇಳಿದ 'ಠಳ್' ಸಪ್ಪಳ ನೀರು ಸುಟ್ಟದ್ದಲ್ಲ. ಬ್ಯಾಟರಿಯ ಶಕ್ತಿ ಒಮ್ಮೆಲೇ ಬಿದ್ದು ಹನಿ ಆವಿಯಾಗಿ ಸಿಡಿದದ್ದು. ಒಂದು ಜೂಲಿನಿಂದ ನೂರು ಗ್ರಾಂ ಜೋಳವನ್ನು ಒಂದು ಮೀಟರ್ ಎತ್ತಬಹುದು, ಅಷ್ಟೇ.

ನೀರಾದರೂ ಶಕ್ತಿ ಕೊಡಬಾರದೇ? ಕೊಡದು. ಜಲಜನಕ ಆಮ್ಲಜನಕದ ಜೊತೆ ಸುಟ್ಟು ಮುಗಿದಾಗ ಉಳಿಯುವ ವಸ್ತುವೇ ನೀರು. ಒಲೆಯಲ್ಲಿ ಕಟ್ಟಿಗೆ ಸುಟ್ಟು ಉಳಿದ ಬೂದಿ ಇದ್ದಂತೆ. ಬೂದಿಗೆ ಎಷ್ಟು ದೊಡ್ಡ ಕಡ್ಡಿ ಗೀರಿದರೇನು?

"ಹಂಗಾರ ಗುಳ್ಳಿ ಬರತಾವಲ್ರಿ?" ಎಂದು ಕೇಳುವವರಿದ್ದಾರೆ. ಗುಳ್ಳೆ ಬರುವುದು ನಿಜ. ನೀರಿಗೆ ಚೂರು ಕಾಸ್ಟಿಕ್ ಸೋಡಾ ಹಾಕಿ, ಎರಡು ಸ್ಟೀಲ್ ತಗಡು ಮುಳುಗಿಸಿ, ಬ್ಯಾಟರಿ ಕೂಡಿಸಿದರೆ ಜಲಜನಕವೂ ಆಮ್ಲಜನಕವೂ ಬರುತ್ತವೆ. ಕಡ್ಡಿ ಹಿಡಿದರೆ 'ಟಪ್' ಎಂದು ಹತ್ತುತ್ತದೆ. ಮಾರುವವರು ಮೊದಲು ತೋರಿಸುವುದು ಈ ನಿಜವನ್ನೇ. ಅದನ್ನು ನೋಡಿ ನಂಬಿದ ಮೇಲೆ ಮುಂದಿನ ಸುಳ್ಳು ಸಲೀಸಾಗಿ ಇಳಿಯುತ್ತದೆ. ಒಂದು ಲೀಟರ್ ನೀರು ಒಡೆಯಲು ಕಡಿಮೆಯೆಂದರೂ 4.4 ಯೂನಿಟ್ ಶಕ್ತಿ ಬೇಕು. ಆ ಗ್ಯಾಸು ಸುಟ್ಟರೆ ಹೆಚ್ಚೆಂದರೆ ಅಷ್ಟೇ ವಾಪಸು ಬರುತ್ತದೆ, ಒಂದು ಪೈಸೆ ಲಾಭವಿಲ್ಲ. ಅದೂ ನಡುವೆ ದಲಾಲಿ ಇಲ್ಲದಿದ್ದರೆ. ಇಲ್ಲಿ ಹೆಜ್ಜೆಗೊಬ್ಬ ದಲಾಲಿ ಇದ್ದಾನೆ. ನೂರು ರೂಪಾಯಿ ಡೀಸೆಲ್ಲಿನಲ್ಲಿ ಎಂಜಿನ್ ಕೆಲಸಕ್ಕೆ ಕೊಡುವುದು ಮೂವತ್ತರಷ್ಟು, ಉಳಿದದ್ದು ಬರೀ ಬಿಸಿಯಾಗಿ ಹೋಗುತ್ತದೆ. ಆ ಮೂವತ್ತನ್ನು ಡೈನಮೋಗೆ ಕೊಟ್ಟರೆ ಕರೆಂಟಾಗಿ ಬರುವುದು ಹದಿನೇಳು ಹದಿನೆಂಟು. ಅದನ್ನು ನೀರಿನ ಡಬ್ಬಿಗೆ ಕೊಟ್ಟರೆ ಗ್ಯಾಸಾಗಿ ಬರುವುದು ಹತ್ತರಷ್ಟು. ಆ ಹತ್ತನ್ನು ಮತ್ತೆ ಎಂಜಿನ್ನಿಗೆ ಹಾಕಿದರೆ ಕೆಲಸಕ್ಕೆ ಮೂರು! ಬಡ್ಡಿ ಕಟ್ಟಲು ಮತ್ತೊಂದು ಸಾಲ ತೆಗೆದವನ ಗತಿಯೇ ಇದು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಆ ಲೆಕ್ಕ ಗೊತ್ತು.

ಇನ್ನೊಂದು ಮಾತು. ನಮ್ಮ ಹೊಂಡದ ಮೇಲೆ ಕೂತಿರುವುದು ಬಹುಪಾಲು ಡೀಸೆಲ್ ಎಂಜಿನ್. ಡೀಸೆಲ್ ಎಂಜಿನ್ನಿಗೆ ಪ್ಲಗ್ಗೇ ಇಲ್ಲ. ಗಾಳಿಯನ್ನು ಒತ್ತಿ ಕಾಯಿಸಿ, ಆ ಕಾವಿಗೆ ಎಣ್ಣೆ ಚಿಮ್ಮಿ ಹೊತ್ತಿಸುವ ಎಂಜಿನ್ ಅದು. ಅದಕ್ಕೆ 'ಭಾರೀ ಕಿಡಿಯ ಪೆಟ್ಟಿಗೆ' ಮಾರುವವನು ಬೋಳು ತಲೆಗೆ ಹಣಿಗೆ ಮಾರಿದಂತೆ. ಡೀಸೆಲ್ ಟಾಕಿಗೆ ನೀರು ಹೋದರೆ ಪಂಪೂ ನೋಝಲೂ ತುಕ್ಕು ಹಿಡಿಯುತ್ತವೆ. ಸಿಲಿಂಡರಿನಲ್ಲಿ ನೀರು ತುಂಬಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಾಸ್ಟಿಕ್ ಸೋಡಾ ಕಣ್ಣಿಗೆ ಸಿಡಿದರೆ ಕಣ್ಣು ಹೋದೀತು. ಡಬ್ಬಿಯಲ್ಲಿ ಕೂಡಿದ ಗ್ಯಾಸು ಬಾಂಬಿನಂತೆ ಒಡೆದೀತು. ಕಂಡೆನ್ಸರಿನ ಹೊಡೆತಕ್ಕೆ ಜೀವ ಹೋದೀತು. ಮನೆಯಲ್ಲಿ ಪ್ರಯೋಗ ಮಾಡುವ ತಮ್ಮಂದಿರು ಇದನ್ನು ತಿಳಿದಿರಬೇಕು.

ನೀರಿನ ಎಂಜಿನ್ನಿಗೆ ಮರುಳಾದವರು ನಾವೊಬ್ಬರೇ ಅಲ್ಲ. ಅಮೆರಿಕದ ಓಹಾಯೋ ಪ್ರಾಂತದ ಸ್ಟ್ಯಾನ್ಲಿ ಮೆಯರ್ ಎಂಬವನು ನೀರಿನಿಂದ ಗಾಡಿ ಓಡಿಸುತ್ತೇನೆಂದು ಹಣ ಎತ್ತಿದ. ಹಣ ಹಾಕಿದವರು ಕೋರ್ಟಿಗೆ ಹೋದರು. ಪರಿಣತರು ಅವನ ಡಬ್ಬಿ ನೋಡಿ, ಇದು ಎಲ್ಲರಿಗೂ ಗೊತ್ತಿರುವ ಗುಳ್ಳೆಯ ಡಬ್ಬಿಯೇ ಎಂದರು. 1996ರಲ್ಲಿ ಕೋರ್ಟು ಇದು ಘೋರ ಮೋಸ ಎಂದು ಹೇಳಿ 25,000 ಡಾಲರ್ ವಾಪಸು ಕೊಡಿಸಿತು. ಅದೇ 1996ರಲ್ಲಿ ನಮ್ಮ ನೆರೆಯ ತಮಿಳುನಾಡಿನ ರಾಮರ್ ಪಿಳ್ಳೈ ನೀರಿಗೆ ಗಿಡಮೂಲಿಕೆ ಹಾಕಿ ಪೆಟ್ರೋಲ್ ಮಾಡುತ್ತೇನೆಂದು ದೇಶವನ್ನೇ ಬೆರಗುಗೊಳಿಸಿದರು. ದೊಡ್ಡ ದೊಡ್ಡವರೇ ನಂಬಿದರು. ಆಮೇಲೆ ಸಿಬಿಐ ಕೇಸಾಗಿ, 2016ರಲ್ಲಿ ಚೆನ್ನೈ ಕೋರ್ಟು ಮೂರು ವರ್ಷದ ಶಿಕ್ಷೆ ವಿಧಿಸಿತು. ಓದಿದವರೂ ಆಳುವವರೂ ಮರುಳಾದ ಮೇಲೆ ಡೀಸೆಲ್ ಬಿಲ್ಲಿಗೆ ಬೆಂದ ರೈತ ಒಂದು ಗಳಿಗೆ ನಂಬಿದರೆ ಅವನನ್ನು ಹಳಿಯಬಾರದು.

ಕೆಲವರು ಹೇಳುತ್ತಾರೆ, "ಎಣ್ಣಿ ಕಂಪನಿಯವರು ಇದನ್ನ ಹೊರಗ ಬಿಡವಲ್ರು." ಕಂಪನಿಗಳ ಮೇಲೆ ನಮ್ಮ ಚಳವಳಿಗೆ ಇರುವ ಸಿಟ್ಟು ಯಾರಿಗೂ ಕಡಿಮೆಯದಲ್ಲ. ಆದರೆ ಒಂದು ಸಂಗತಿ ನೆನಪಿಸಿಕೊಳ್ಳಿ. 2001ರಲ್ಲಿ ಗುಜರಾತಿನಲ್ಲಿ ಬಿಟಿ ಹತ್ತಿಯ ಬೀಜ ಸರಕಾರದ ಒಪ್ಪಿಗೆ ಇಲ್ಲದೆಯೇ ಹೊಲಗಳಲ್ಲಿ ಹಬ್ಬಿತ್ತು. ಒಪ್ಪಿಗೆ ಬಂದದ್ದು 2002ರಲ್ಲಿ. ಆ ಬೀಜ ಒಳ್ಳೆಯದೋ ಕೆಟ್ಟದ್ದೋ ಆ ವಾದ ಬೇರೆ. ರೈತ ಕಣ್ಣಾರೆ ಕಂಡು ಬೇಕೆಂದದ್ದನ್ನು ಸರಕಾರವೂ ತಡೆಯಲಾಗಲಿಲ್ಲ, ಬೀಜದ ಹಕ್ಕಿನ ಕಂಪನಿಯೂ ತಡೆಯಲಾಗಲಿಲ್ಲ. ನೀರಿಗೆ ಓಡುವ ಎಂಜಿನ್ ಒಂದೇ ಒಂದು ಹಳ್ಳಿಯಲ್ಲಿ ನಿಜವಾಗಿ ಓಡಿದ್ದರೆ, ಒಂದು ಸುಗ್ಗಿ ಮುಗಿಯುವುದರೊಳಗೆ ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಪ್ರತಿ ವೆಲ್ಡಿಂಗ್ ಅಂಗಡಿಯಲ್ಲಿ ಅದು ತಯಾರಾಗುತ್ತಿತ್ತು.

ನೀರಿಗೆ ಎಂಜಿನ್ನಿನಲ್ಲಿ ಒಂದು ನಿಜವಾದ ಕೆಲಸ ಇತ್ತು, ಅದನ್ನೂ ಹೇಳಬೇಕು. ನೂರು ವರ್ಷದ ಹಿಂದಿನ ಅಮೆರಿಕದ ಚಿಮಣಿ ಎಣ್ಣೆಯ ಟ್ರ್ಯಾಕ್ಟರುಗಳಲ್ಲಿ, ಭಾರ ಎಳೆಯುವಾಗ ಎಂಜಿನ್ ಬಡಿಯದಂತೆ ಸ್ವಲ್ಪ ನೀರು ಬಿಡುತ್ತಿದ್ದರು. ಎರಡನೆಯ ಮಹಾಯುದ್ಧದ ವಿಮಾನಗಳಲ್ಲೂ ಬಿಟ್ಟರು. ಅಲ್ಲಿ ನೀರು ಮಾಡಿದ್ದು ತಂಪು ಮಾಡುವ ಕೆಲಸ. ಸುಟ್ಟದ್ದು ಎಣ್ಣೆಯೇ.

ಹಾಗಾದರೆ ಹಳ್ಳಿಯವರು ಎಂಜಿನ್ನಿನ ಹೊಟ್ಟೆಗೆ ಬೇರೆ ಏನೂ ಹಾಕುವಂತಿಲ್ಲವೇ? ಹಾಕಬಹುದು, ನಮ್ಮ ರಾಜ್ಯದಲ್ಲೇ ಹಾಕಿ ತೋರಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ 'ಅಸ್ತ್ರ' ಎಂಬ ವಿಭಾಗ ಹಳ್ಳಿಗೆ ಬಂದು ಕೆಲಸ ಮಾಡಿತು. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ 1987ರಿಂದ ಊರ ಸಗಣಿಯ ಗ್ಯಾಸಿನಲ್ಲಿ ಡೀಸೆಲ್ ಎಂಜಿನ್ ನಡೆಸಿ ದೀಪ ಹಚ್ಚಿದರು, ಕುಡಿಯುವ ನೀರೆತ್ತಿದರು. ಸಗಣಿ ತಂದುಕೊಟ್ಟವರಿಗೆ ತೂಕದ ಮೇಲೆ ಹಣ ಕೊಟ್ಟು, ಗೊಬ್ಬರ ವಾಪಸು ಕೊಟ್ಟರು. ಹೊಸಹಳ್ಳಿಯಲ್ಲಿ 1988ರಲ್ಲಿ ಕಟ್ಟಿಗೆಯ ಗ್ಯಾಸಿನಿಂದ 5 ಎಚ್‌ಪಿಯಷ್ಟರ ಎಂಜಿನ್ ನಡೆಸಿದರು. ಎರಡು ಕಡೆಯೂ ಸ್ವಲ್ಪ ಡೀಸೆಲ್ ಬೇಕೇ ಬೇಕಿತ್ತು, ಆದರೆ ಬಹುಪಾಲು ಉಳಿಯಿತು. ಅದೇ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಡೀಸೆಲ್ ಎಂಜಿನ್ ಓಡಿಸುವುದನ್ನು ಹಳ್ಳಿಗೆ ಒಯ್ದರು. ಇದೇನು ಹೊಸದಲ್ಲ. 1900ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದನ್ನು ಓಡಿಸಿದ್ದು ಶೇಂಗಾ ಎಣ್ಣೆಯಲ್ಲಿ!

ಸಗಣಿ, ಕಟ್ಟಿಗೆ, ಹೊಂಗೆ, ಶೇಂಗಾ: ಇವೆಲ್ಲ ಬಿಸಿಲು ತಿಂದು ಬೆಳೆದ ವಸ್ತುಗಳು, ಆದ್ದರಿಂದ ಸುಡುತ್ತವೆ. ಇವನ್ನು ಬೆಳೆಯುವವರು ನಾವು. ಇಂದು ಪೆಟ್ರೋಲಿಗೆ ಬೆರೆಸುವ ಎಥನಾಲ್ ಕಬ್ಬಿನಿಂದ ಬರುತ್ತದೆ, ಗೋವಿನಜೋಳದಿಂದ ಬರುತ್ತದೆ. 2025ರಲ್ಲಿ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಬೆರೆಸಿದೆವೆಂದು ಕೇಂದ್ರ ಸರಕಾರ ಬೆನ್ನು ತಟ್ಟಿಕೊಂಡಿತು. ಅದೇ ವರ್ಷ ಗೋವಿನಜೋಳಕ್ಕೆ ಕ್ವಿಂಟಲಿಗೆ 2400 ರೂಪಾಯಿ ಬೆಂಬಲ ಬೆಲೆ ಎಂದು ಕಾಗದದ ಮೇಲೆ ಬರೆದರು. ಸುಗ್ಗಿಗೆ ಮಾಲು ಬಂದಾಗ ಪೇಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಬಿತ್ತು. ಹಾವೇರಿ, ಗದಗ ಕಡೆಯ ರೈತರು ಖರೀದಿ ಕೇಂದ್ರ ತೆರೆಯಿರಿ ಎಂದು ಬೀದಿಗಿಳಿಯಬೇಕಾಯಿತು. ಎಂಜಿನ್ನಿಗೆ ಹಾಕುವ ಇಂಧನ ನಮ್ಮ ಹೊಲದಿಂದ ಹೋಗುತ್ತಿದೆ. ಬೆಲೆ ಮಾತ್ರ ನಮ್ಮ ಹೊಲಕ್ಕೆ ಬರುತ್ತಿಲ್ಲ.

ಡೀಸೆಲ್ಲಿನ ಬೆಲೆ ಎಲ್ಲಿ ತಯಾರಾಗುತ್ತದೆ ನೋಡಿ. 2014ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಡೀಸೆಲ್ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಲೋಕದ ಪೇಟೆಯಲ್ಲಿ ಕಚ್ಚಾ ಎಣ್ಣೆ ನೂರು ಡಾಲರಿಗೂ ಮೇಲಿದ್ದದ್ದು 2016ರ ಜನವರಿಗೆ ಮೂವತ್ತರ ಕೆಳಗೆ ಇಳಿಯಿತು. ಆ ಇಳಿಕೆ ನಮಗೆ ಪೂರಾ ಸಿಕ್ಕಿತೇ? ಇಲ್ಲ. ಅಷ್ಟರೊಳಗೆ ಒಂಬತ್ತು ಸಲ ಅಬಕಾರಿ ಸುಂಕ ಏರಿಸಿದರು. ರಾಜ್ಯ ಸರಕಾರವೂ ಹಿಂದೆ ಬಿದ್ದಿಲ್ಲ. ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನಿನಲ್ಲಿ ಶೇಕಡಾ 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿಸಿತು. 2022–23ರಲ್ಲಿ 'ರೈತ ಶಕ್ತಿ' ಎಂಬ ಹೆಸರಿನಲ್ಲಿ ಎಕರೆಗೆ 250 ರೂಪಾಯಿ ಡೀಸೆಲ್ ಸಹಾಯಧನ ಎಂದರು, ಅದೂ ಐದು ಎಕರೆ ತನಕ. ಅವತ್ತಿನ ದರದಲ್ಲಿ 250 ರೂಪಾಯಿಗೆ ಮೂರು ಲೀಟರ್ ಕೂಡ ಬರುತ್ತಿರಲಿಲ್ಲ. ಒಂದು ಕೈಯಲ್ಲಿ ತಂಬಿಗೆಯಷ್ಟು ಕೊಟ್ಟು, ಇನ್ನೊಂದು ಕೈಯಲ್ಲಿ ಕೊಡಗಟ್ಟಲೆ ತೆಗೆದುಕೊಂಡರು.

ಇದಕ್ಕೇ ನಾನು ಹೇಳುವುದು. ನೀರಿನ ಎಂಜಿನ್ ನಂಬಿದರೆ ಹೋಗುವುದು ಬರೀ ಕಿಟ್ಟಿನ ಹಣವಲ್ಲ, ನಮ್ಮ ಸಿಟ್ಟೂ ದಾರಿ ತಪ್ಪುತ್ತದೆ. ತೆರಿಗೆ ಹಾಕಿದವನನ್ನು ಕೇಳಬೇಕಾದ ಮಾತನ್ನು ನಾವು ಕಾಯ್ಲು, ಕಂಡೆನ್ಸರಿಗೆ ಕೇಳುತ್ತ ಕೂಡುತ್ತೇವೆ.

ಇನ್ನು ಮಾಡಬೇಕಾದದ್ದು. ಯಾರೇ ಬಂದು ಇಂಧನ ಉಳಿಸುವ ಕಿಟ್ ತೋರಿಸಿದರೂ ಮುಂಗಡ ಕೊಡಬೇಡಿ. ಎಂಜಿನ್ ನಿಮ್ಮದು, ಹೊಂಡ ನಿಮ್ಮದು, ಅಳತೆಯ ಬಾಟ್ಲಿ ನಿಮ್ಮದು ಇರಲಿ. ಮೊದಲು ಎಂಜಿನ್ ತೊಳೆದು ಸರಿಮಾಡಿ, ಆಮೇಲೆ ಪರೀಕ್ಷೆಗೆ ಇಳಿಯಿರಿ. ಅಳೆದ ಎಣ್ಣೆಗೆ ಎಷ್ಟು ಬ್ಯಾರಲ್ ನೀರು ಬಂತೆಂದು ಕಿಟ್ ಇಲ್ಲದೆ ಮೂರು ಸಲ, ಕಿಟ್ ಹಾಕಿ ಮೂರು ಸಲ ಎಣಿಸಿ. ಮಾರುವವನು ಆ ಹೊತ್ತಿನಲ್ಲಿ ಎಂಜಿನ್ ಮುಟ್ಟಬಾರದು. ಒಪ್ಪದವನಿಗೆ ಚಹಾ ಕುಡಿಸಿ ಬಸ್ಸು ಹತ್ತಿಸಿ. ನಿಜವಾದ ಉಳಿತಾಯ ಬೇಕಾದವರು ಸೋರುವ ಫುಟ್‌ವಾಲ್ವ್ ಬದಲಿಸಿ, ಪೈಪಿನ ಸಲ್ಲದ ಬೆಂಡು ತೆಗೆಸಿ, ಫಿಲ್ಟರ್ ತೊಳೆಸಿ, ನೋಝಲ್ ನೋಡಿಸಿ. ಇದರಲ್ಲಿ ಪವಾಡ ಇಲ್ಲ, ಆದರೆ ಲೀಟರಿನಲ್ಲಿ ಕಾಣುತ್ತದೆ.

ಸರಕಾರವನ್ನು ಕೇಳಬೇಕಾದದ್ದು ಎರಡು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಂಥ ಪ್ರತಿಯೊಂದು ಕಿಟ್ಟನ್ನೂ ರೈತರ ಎದುರಿಗೆ ಅಳೆದು ಫಲಿತಾಂಶ ಬೋರ್ಡಿಗೆ ಹಚ್ಚಲಿ. ಹಳ್ಳಿಯ ಹುಡುಗ ಏನಾದರೂ ಮಾಡಿಕೊಂಡು ಬಂದರೆ ಅದನ್ನೂ ಖರ್ಚಿಲ್ಲದೆ ಅಳೆದುಕೊಡಲಿ, ಅವನು ಮೂರರ ಬಡ್ಡಿಗೆ ಹೋಗುವ ಮೊದಲೇ. ಎರಡನೆಯದು, ಕರಾವಳಿಯ ಮೀನುಗಾರರ ದೋಣಿಗೆ ಮಾರಾಟ ತೆರಿಗೆ ಇಲ್ಲದ ಡೀಸೆಲ್ ಕೊಡುವ ಪದ್ಧತಿ ನಮ್ಮ ರಾಜ್ಯದಲ್ಲೇ ಇದೆ. ಅವರಿಗೆ ಸಿಕ್ಕದ್ದು ನ್ಯಾಯವೇ. ಸಮುದ್ರದ ನೀರಿನ ಮೇಲೆ ಓಡುವ ಎಂಜಿನ್ನಿಗೆ ತೆರಿಗೆ ಇಲ್ಲವೆಂದಾದರೆ, ಹೊಂಡದ ನೀರೆತ್ತುವ ಎಂಜಿನ್ನಿಗೆ ಯಾಕೆ?

ನನ್ನ ತಮ್ಮನ ಮಗ ಈಗ ಊರ ಪಂಪು ದುರಸ್ತಿ ಮಾಡುತ್ತಾನೆ. ಸಾಲ ಇನ್ನೂ ಅರ್ಧ ಉಳಿದಿದೆ. ಆ ಬ್ಯಾರಲ್ಲು ಹಿತ್ತಲಲ್ಲೇ ಇದೆ. ಹೊಸ ಕಿಟ್ ತಂದವರನ್ನು ಅವನು ಅದರ ಹತ್ತಿರ ಕರೆದೊಯ್ದು ನಿಲ್ಲಿಸುತ್ತಾನೆ. "ಬರ್ರಿ, ಇದನ್ನ ತುಂಬಿಸಿ ತೋರಸ್ರಿ" ಅನ್ನುತ್ತಾನೆ. ನೀವೂ ನಿಮ್ಮ ಊರಲ್ಲಿ ಒಂದು ಬ್ಯಾರಲ್ಲು ಇಟ್ಟುಕೊಳ್ಳಿ.